ಎಂಜಿಬಿಯ ಹಳೆ ಆರ್‌ಪಿಎಂ ಮೀಟರು, ಜಿಪ್ಸಿಯ ಎಂಜಿನ್ನು: ಮುಳ್ಳು ಅರ್ಧಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪನ ಕಾಲದ 1966ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ಅದರ 1798 ಸಿಸಿ ಎಂಜಿನ್‌ನ ಬ್ಲಾಕ್ ಬಿರುಕು ಬಿಟ್ಟು ಗಾಡಿ ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಕೊನೆಗೆ ಮಾರುತಿ ಜಿಪ್ಸಿ ಕಿಂಗ್‌ನ 1298 ಸಿಸಿ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನನ್ನು ಗೇರ್‌ಬಾಕ್ಸ್ ಸಮೇತ ಕೂರಿಸಿದೆವು. ಓಡುವುದಕ್ಕೆ ಏನೂ ತೊಂದರೆಯಿಲ್ಲ. ಸಮಸ್ಯೆ ಇರುವುದು ಸ್ಮಿತ್ಸ್ ಆರ್‌ಪಿಎಂ ಮೀಟರಿನದ್ದು. ಹೊಸ ಎಂಜಿನ್‌ಗೆ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ, ಕಿಡಿ ಹುಟ್ಟಿಸುವ ಎರಡು ಕಾಯಿಲ್ ಇವೆ. ಮೀಟರಿನ ಹಿಂದಿನ ವಯರನ್ನು ಒಂದು ಕಾಯಿಲ್‌ನ ಲೈನಿಗೆ ಸೇರಿಸಿದಾಗ ಐಡ್ಲಿಂಗ್‌ನಲ್ಲಿ 400ರ ಆಸುಪಾಸು, ನಿಜವಾದ 3000ಕ್ಕೆ 1500 ತೋರಿಸುತ್ತದೆ. 4000 ದಾಟಿದರೆ ಮುಳ್ಳು ನಡುಗಿ ಕೆಳಗೆ ಬೀಳುತ್ತದೆ. ಉಡುಪಿಯಲ್ಲಿ ಒಬ್ಬರು ‘ನಾಲ್ಕು ಸಿಲಿಂಡರಿನ ಮೀಟರು, ನಾಲ್ಕು ಸಿಲಿಂಡರಿನ ಎಂಜಿನ್ನು, ಆದ್ದರಿಂದ ಮೀಟರೇ ಹಾಳು’ ಎಂದರು. ಮಂಗಳೂರಿನಲ್ಲಿ ಒಬ್ಬರು ಲೈನಿಗೆ ರೆಸಿಸ್ಟರ್ ಹಾಕಿ ಎಂದರು, ಇನ್ನೊಬ್ಬರು ಇಸಿಯುನ (ಎಂಜಿನ್ ನಡೆಸುವ ಕಂಪ್ಯೂಟರಿನ) ಟ್ಯಾಕೋ ವಯರನ್ನು, ಅಂದರೆ ಆರ್‌ಪಿಎಂ ಸಂಜ್ಞೆಯ ವಯರನ್ನು, ನೇರ ಮೀಟರಿಗೆ ಕೊಡಿ ಎಂದರು. ಹೊಸ ಮೀಟರ್ ಹಾಕಿ ಡ್ಯಾಶ್‌ಬೋರ್ಡಿನ ಅಂದ ಕೆಡಿಸಲು ಮನಸ್ಸಿಲ್ಲ. ದಾರಿ ಏನಿದೆ? — ಓದುಗರೊಬ್ಬರು, ಕಾಪು

ಉತ್ತರ: ಮೂರನೆಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಈಗಾಗಲೇ ಇಸಿಯು ವಯರನ್ನು ಮೀಟರಿಗೆ ಜೋಡಿಸಿದ್ದರೆ ಇವತ್ತೇ ಬಿಚ್ಚಿಡಿ. ಮೀಟರ್ ಹೋದರೆ ಸರಿಪಡಿಸಬಹುದು, ಇಸಿಯು ಒಳಗಿನ ಟ್ರಾನ್ಸಿಸ್ಟರ್ ಸುಟ್ಟರೆ ಗಾಡಿಯೇ ನಿಲ್ಲುತ್ತದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ನೀವು ಕೊಟ್ಟ ಅಂಕಿಗಳಲ್ಲೇ ಅರ್ಧ ಉತ್ತರವಿದೆ. 3000ಕ್ಕೆ ಸರಿಯಾಗಿ 1500. ಹಾಳಾದ ಮೀಟರ್ ಹೀಗೆ ಕರಾರುವಾಕ್ಕಾಗಿ ಅರ್ಧ ತೋರಿಸುವುದಿಲ್ಲ, ಮನಸ್ಸಿಗೆ ಬಂದ ಹಾಗೆ ತೋರಿಸುತ್ತದೆ. ನಿಮ್ಮ ಮೀಟರಿಗೆ ಸಿಗಬೇಕಾದ ಪಲ್ಸ್‌ಗಳಲ್ಲಿ ಅರ್ಧ ಮಾತ್ರ ಸಿಗುತ್ತಿದೆ, ಸಿಕ್ಕಿದ್ದನ್ನು ಅದು ಪ್ರಾಮಾಣಿಕವಾಗಿ ಎಣಿಸುತ್ತಿದೆ.

ಈ ಮೀಟರಿಗೆ ಸಿಲಿಂಡರ್ ಎಷ್ಟೆಂಬುದು ಗೊತ್ತಿರುವುದಿಲ್ಲ, ಅದು ಲೆಕ್ಕ ಇಡುವುದು ಇಗ್ನಿಷನ್ನಿನ ಪಲ್ಸ್‌ಗಳನ್ನು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ಹಾಗಾಗಿ ಒಂದೇ ಕಾಯಿಲ್, ಒಂದೇ ಡಿಸ್ಟ್ರಿಬ್ಯೂಟರ್ ಇದ್ದ ಹಳೆಯ ನಾಲ್ಕು ಸಿಲಿಂಡರ್ ಎಂಜಿನ್‌ನ ಕಾಯಿಲ್ ಒಂದು ಸುತ್ತಿಗೆ ಎರಡು ಪಲ್ಸ್ ಕೊಡುತ್ತದೆ. ಆರು ಸಿಲಿಂಡರಾದರೆ ಮೂರು, ಎಂಟಾದರೆ ನಾಲ್ಕು. ಆರ್‌ಪಿಎಂ ಅನ್ನು ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ 120ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಪಲ್ಸ್ ಎಂಬುದು ಸಿಗುತ್ತದೆ. 3000 ಆರ್‌ಪಿಎಂಗೆ ನಾಲ್ಕು ಸಿಲಿಂಡರಿನದ್ದು 100 ಹರ್ಟ್ಜ್. ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತದೆ.

ನಿಮ್ಮ ಹೊಸ ಎಂಜಿನ್‌ನಲ್ಲಿ ಒಂದೊಂದು ಕಾಯಿಲ್ ಎರಡೆರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುತ್ತದೆ. ಒಂದು ಕಿಡಿ ಪೆಟ್ರೋಲ್ ಉರಿಸುತ್ತದೆ. ಇನ್ನೊಂದು ಎಕ್ಸಾಸ್ಟ್ ಸ್ಟ್ರೋಕಿನಲ್ಲಿರುವ ಸಿಲಿಂಡರಿನಲ್ಲಿ ವ್ಯರ್ಥವಾಗುತ್ತದೆ. ಹೀಗಿರುವಾಗ ಒಂದು ಕಾಯಿಲ್ ಪ್ರತಿ ಸುತ್ತಿಗೆ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಒಂದು ಕಾಯಿಲ್‌ಗೆ ಜೋಡಿಸಿದ ಮೀಟರು ಅರ್ಧ ತೋರಿಸಲೇಬೇಕು. ‘ನಾಲ್ಕಕ್ಕೆ ನಾಲ್ಕು’ ಎಂದವರ ಲೆಕ್ಕ ತಪ್ಪಿದ್ದು ಇಲ್ಲಿ.

ರೆಸಿಸ್ಟರ್ ಸಲಹೆಯೂ ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ಲೈನಿಗೆ ಹಾಕಿದ ರೆಸಿಸ್ಟರ್ ಕರೆಂಟನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲದ ಪಲ್ಸನ್ನು ಹುಟ್ಟಿಸಲಾರದು. ಅದರ ಮೇಲೆ ಇಗ್ನಿಷನ್ ಲೈನಿನಲ್ಲಿ ರೆಸಿಸ್ಟರ್ ಕೂತರೆ ಕಿಡಿ ಸೊರಗಿ ಎಂಜಿನ್ ಮಿಸ್ ಹೊಡೆಯುತ್ತದೆ.

ಇನ್ನು ನಿಮ್ಮ ಮೀಟರಿನ ಒಳಗೆ ಏನಿದೆ ಎಂಬುದು. ಡಯಲ್ಲಿನ ಕೆಳಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಆರ್‌ವಿಐ’ ಎಂದು ಶುರುವಾಗುವ ಒಂದು ಸಂಖ್ಯೆ ಇರಬೇಕು, ಟಾರ್ಚ್ ಹಿಡಿದು ನೋಡಿ. ಸ್ಮಿತ್ಸ್‌ನ ಆರ್‌ವಿಐ ಮೀಟರುಗಳು ಕರೆಂಟನ್ನು ಗ್ರಹಿಸುತ್ತವೆ. ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಹೋಗುವ ವಯರು ಮೀಟರಿನ ಬೆನ್ನಿಗಿರುವ ಪ್ಲಾಸ್ಟಿಕ್ ಹಿಡಿಕೆಯೊಳಗೆ ಒಂದು ಸುತ್ತು ಹಾಕಿ ಹೊರಗೆ ಬರುತ್ತದೆ, ಅದಕ್ಕೆ ಒತ್ತಿಕೊಂಡು ಒಂದು ಕಬ್ಬಿಣದ ಕೋರ್ ಇರುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ (ಸ್ವಿಚ್ಚು) ತೆರೆದು ಕರೆಂಟ್ ತಟ್ಟನೆ ಕಡಿದಾಗ ಕೋರ್‌ನ ಒಳಸುರುಳಿಯಲ್ಲಿ ಒಂದು ಚಿಕ್ಕ ಏಟು ಹುಟ್ಟುತ್ತದೆ. ಎರಡು ಟ್ರಾನ್ಸಿಸ್ಟರಿನ ಸರ್ಕ್ಯೂಟ್ ಪ್ರತಿ ಏಟಿಗೂ ಒಂದೇ ಅಗಲದ ಪಲ್ಸ್ ಕೊಡುತ್ತದೆ, ಆ ಪಲ್ಸ್‌ಗಳ ಸರಾಸರಿ ಕರೆಂಟು ಮುಳ್ಳನ್ನು ಎತ್ತುತ್ತದೆ. ನಂತರದ ವರ್ಷಗಳ ಎಂಜಿಬಿಗಳಲ್ಲಿ ಬಂದ ‘ಆರ್‌ವಿಸಿ’ ಮೀಟರು ಇದಲ್ಲ. ಅದಕ್ಕೆ ಈ ಸುತ್ತು ಇರುವುದಿಲ್ಲ, ಕಾಯಿಲ್‌ನ ನೆಗೆಟಿವ್‌ನಿಂದ ಒಂದು ವಯರು ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಏಳುವ ಕೆಲವು ನೂರು ವೋಲ್ಟಿನ ಒದೆತವನ್ನು ಅದು ಎಣಿಸುತ್ತದೆ.

ಇಸಿಯುನ ಟ್ಯಾಕೋ ವಯರು ಎರಡಕ್ಕೂ ಒಗ್ಗುವುದಿಲ್ಲ. ಅದರಲ್ಲಿ ಬರುವುದು 5 ಅಥವಾ 12 ವೋಲ್ಟಿನ, ಕೆಲವೇ ಮಿಲಿ ಆಂಪಿಯರಿನ ಸಂಜ್ಞೆ. ಆರ್‌ವಿಐಗೆ ಬೇಕಾದ ಆಂಪಿಯರೂ ಅದರಲ್ಲಿಲ್ಲ, ಆರ್‌ವಿಸಿಗೆ ಬೇಕಾದ ವೋಲ್ಟೇಜೂ ಇಲ್ಲ. ಆರ್‌ವಿಐನ ಸುತ್ತು ಎಂದರೆ ಬರಿಯ ತಾಮ್ರದ ತಂತಿ, ಅದಕ್ಕೆ ಪ್ರತಿರೋಧವೇ ಇಲ್ಲ. ಅದರ ಒಂದು ತುದಿ 12 ವೋಲ್ಟಿನಲ್ಲಿರುವಾಗ ಇನ್ನೊಂದು ತುದಿಗೆ ಇಸಿಯು ವಯರನ್ನು ಕೊಟ್ಟರೆ, ಇಸಿಯು ಟ್ರಾನ್ಸಿಸ್ಟರ್ ಬ್ಯಾಟರಿಯನ್ನೇ ನೇರವಾಗಿ ಅರ್ತ್‌ಗೆ ಎಳೆಯಲು ನೋಡುತ್ತದೆ. ಆ ಜಗಳದಲ್ಲಿ ಸೋಲುವುದು ಇಸಿಯು.

ಆರ್‌ವಿಸಿ ಇರುವವರಿಗೆ ಕೆಲವರು ರಿಲೇ ಕಾಯಿಲ್‌ನಿಂದ ಹೈವೋಲ್ಟೇಜ್ ಒದೆತ ಹುಟ್ಟಿಸಿ ಕೊಡುತ್ತಾರೆ. ಕೆಲಸ ಮಾಡುವ ಉಪಾಯವೇ ಸರಿ, ಆದರೆ ಆ ಒದೆತ ಇಸಿಯು ಟ್ರಾನ್ಸಿಸ್ಟರಿಗೂ ಬೀಳುತ್ತದೆ. ಮಧ್ಯೆ 400 ವೋಲ್ಟ್ ತಡೆಯುವ ಬೇರೆ ಟ್ರಾನ್ಸಿಸ್ಟರ್ ಇಲ್ಲದೆ ಅದನ್ನು ಮಾಡಬಾರದು. ಹಳೆ ಸಿಎಫ್‌ಎಲ್ ಬಲ್ಬಿನೊಳಗೆ ಸಿಗುವ 13003 ಆ ಮಟ್ಟದ್ದು.

ಅರ್ತ್‌ನ ವಿಷಯ ಮೊದಲು ಬಗೆಹರಿಸಿಕೊಳ್ಳಿ

1966ರ ಎಂಜಿಬಿ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ತ್ ಆಗಿ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವಂತೆ. ಆ ಮಾದರಿ ನೆಗೆಟಿವ್ ಅರ್ತ್‌ಗೆ ಬದಲಾದದ್ದು 1967ರ ಕೊನೆಯಲ್ಲಿ. ಜಿಪ್ಸಿ ಎಂಜಿನ್, ಇಸಿಯು, ಆಲ್ಟರ್ನೇಟರ್ ಎಲ್ಲವೂ ನೆಗೆಟಿವ್ ಅರ್ತ್. ನಿಮ್ಮ ಮೀಟರು ಒಂದಿಷ್ಟಾದರೂ ಸರಿಯಾಗಿ ಓಡುತ್ತಿದೆ ಎಂದರೆ ಯಾರೋ ಅದನ್ನು ಒಳಗಿಂದ ಬದಲಿಸಿರಬೇಕು. ಆದರೂ ಊಹೆಯ ಮೇಲೆ ನಡೆಯಬೇಡಿ. ಬದಲಿಸುವಾಗ ಒಳಗೆ ಸಪ್ಲೈ ಮತ್ತು ಅರ್ತ್ ವಯರುಗಳನ್ನು ಅದಲುಬದಲು ಮಾಡುವುದರ ಜತೆ ಬೆನ್ನಿನ ಸುತ್ತಿನ ದಿಕ್ಕನ್ನೂ ತಿರುಗಿಸಬೇಕು. ಈ ಎರಡನೆಯದನ್ನು ಮರೆಯುವವರು ಬಹಳ. ದಿಕ್ಕು ತಪ್ಪಿದರೆ ಸರ್ಕ್ಯೂಟಿಗೆ ಕರೆಂಟು ಕಡಿಯುವ ಚೂಪಾದ ಏಟಿನ ಬದಲು, ಕರೆಂಟು ನಿಧಾನವಾಗಿ ಏರುವಾಗಿನ ಮೊಂಡು ಏಟು ಸಿಗುತ್ತದೆ. ಕಡಿಮೆ ವೇಗದಲ್ಲಿ ಹೇಗೋ ನಡೆಯುತ್ತದೆ, ವೇಗ ಏರಿದಂತೆ ಎಣಿಕೆ ತಪ್ಪುತ್ತದೆ. 4000 ದಾಟಿದಾಗ ನಿಮ್ಮ ಮುಳ್ಳು ಬೀಳುವುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಎರಡನೆಯದು ಒಳಗಿನ ಅರುವತ್ತು ವರ್ಷ ಹಳೆಯ ಕೆಪಾಸಿಟರುಗಳ ಮೇಲೆ. ಮೂರನೆಯದು ಕಾಯಿಲ್ ಪಕ್ಕದಲ್ಲಿರುವ ರೇಡಿಯೋ ಗದ್ದಲ ತಡೆಯುವ ಕೆಪಾಸಿಟರ್ ಮೇಲೆ. ಅದು ಸುತ್ತಿಗೂ ಕಾಯಿಲ್‌ಗೂ ನಡುವೆ ಇದ್ದರೆ ಕಾಯಿಲ್‌ಗೆ ಬೇಕಾದ ಕರೆಂಟಿನ ಏರಿಳಿತವನ್ನು ತಾನೇ ಪೂರೈಸುತ್ತದೆ. ಸುತ್ತಿನಲ್ಲಿ ಹರಿಯುವುದು ನಯವಾದ ಕರೆಂಟು, ಎಣಿಸಲು ಅದರಲ್ಲಿ ಏಟೇ ಇರುವುದಿಲ್ಲ.

ದಾರಿ ಒಂದು: ಹಳೆ ಸರ್ಕ್ಯೂಟನ್ನೇ ಉಳಿಸಿಕೊಳ್ಳುವುದು

ಖರ್ಚಿಲ್ಲದ ದಾರಿ ಇದು. ಎರಡೂ ಕಾಯಿಲ್‌ಗೆ 12 ವೋಲ್ಟ್ ಕೊಡುವ ವಯರು ಕವಲೊಡೆಯುವ ಮೊದಲೇ ಅದನ್ನು ಮೀಟರಿನ ಸುತ್ತಿನ ಮೂಲಕ ಹಾಯಿಸಿ. ಆಗ ಎರಡು ಕಾಯಿಲ್‌ನ ಏಟುಗಳೂ ಸೇರಿ ಎಂಜಿನ್ನಿನ ಒಂದು ಸುತ್ತಿಗೆ ಎರಡಾಗುತ್ತವೆ, ಮೀಟರು ಮೂಲದಲ್ಲಿ ಬಯಸಿದ್ದು ಅಷ್ಟೇ. 6000 ಆರ್‌ಪಿಎಂನಲ್ಲೂ ಎರಡು ಕಾಯಿಲ್‌ಗಳ ಏಟಿನ ನಡುವೆ 5 ಮಿಲಿಸೆಕೆಂಡ್ ಅಂತರವಿರುತ್ತದೆ. ಆದ್ದರಿಂದ ಒಂದರ ಮೇಲೊಂದು ಬೀಳುವ ಭಯವಿಲ್ಲ.

ಆ ವಯರಿನಲ್ಲಿ ಕಾಯಿಲ್‌ಗಳ ಕರೆಂಟು ಮಾತ್ರ ಇರಬೇಕು. ಎಂಪಿಎಫ್‌ಐ ಹಾರ್ನೆಸ್ಸಿನಲ್ಲಿ ಅದೇ ಲೈನಿನಿಂದ ಇಂಜೆಕ್ಟರುಗಳಿಗೂ ಸಪ್ಲೈ ಹೋಗುತ್ತಿದ್ದರೆ ಇಂಜೆಕ್ಟರಿನ ಏಟುಗಳೂ ಎಣಿಕೆಗೆ ಸೇರಿ ಮುಳ್ಳು ಕುಣಿಯುತ್ತದೆ. ಗದ್ದಲ ತಡೆಯುವ ಕೆಪಾಸಿಟರನ್ನು ಸುತ್ತಿನಿಂದ ಬ್ಯಾಟರಿಯ ಕಡೆಗೆ ಸರಿಸಿ. ವಯರು 2 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಏಟು ಸಾಲದಿದ್ದರೆ ಒಂದು ಸುತ್ತಿನ ಬದಲು ಎರಡು ಸುತ್ತು ಹಾಕಿ ನೋಡಿ, ದಿಕ್ಕನ್ನೂ ತಿರುಗಿಸಿ ನೋಡಿ.

ಈ ದಾರಿಯ ಅಪಾಯ ಮೀಟರಿನದ್ದಲ್ಲ, ಎಂಜಿನಿನದ್ದು. ಇಡೀ ಇಗ್ನಿಷನ್ ಕರೆಂಟು ಡ್ಯಾಶ್‌ಬೋರ್ಡಿನ ಹಿಂದೆ ಹೋಗಿ ಬರುತ್ತದೆ. ಅಲ್ಲಿನ ಒಂದು ಬುಲೆಟ್ ಕನೆಕ್ಟರ್ ಹಸಿರು ಹಿಡಿದರೆ ಹೆಜಮಾಡಿಯ ಹತ್ತಿರ ಹೈವೇಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್ ಬಂದ್ ಆಗಬಹುದು. ಕಾಪುವಿನಂಥ ಕಡಲ ಬದಿಯ ಊರಿನಲ್ಲಿ ತಾಮ್ರ ಹಸಿರು ಹಿಡಿಯಲು ಹೆಚ್ಚು ಕಾಲ ಬೇಡ. ಬುಲೆಟ್ ಕನೆಕ್ಟರುಗಳನ್ನು ತೆಗೆದು ಕ್ರಿಂಪ್ ಮಾಡಿ, ಮೇಲೆ ಸೋಲ್ಡರ್ ಹಾಕಿ, ಅಂಟು ಇರುವ ಹೀಟ್‌ಶ್ರಿಂಕ್ ಏರಿಸಿ.

ಇಸಿಯುನಿಂದ ಟ್ಯಾಕೋ ಸಂಜ್ಞೆ ಸಿಗುವುದಾದರೆ ಈ ಅಪಾಯ ತಪ್ಪಿಸಲು ಒಂದು ನಡುದಾರಿ ಇದೆ. ಆ ಸಂಜ್ಞೆಯಿಂದ ಒಂದು ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ನಡೆಸಿ, ಅದರ ಮೂಲಕ 10 ಓಮ್, 20 ವ್ಯಾಟಿನ ರೆಸಿಸ್ಟರಿಗೆ ಸುಮಾರು 1.3 ಆಂಪಿಯರ್ ಹರಿಸಿ, ಆ ವಯರನ್ನು ಹಿಡಿಕೆಯಲ್ಲಿ ಮೂರು ನಾಲ್ಕು ಸುತ್ತು ಹಾಕುವುದು. 4 ಆಂಪಿಯರ್ ಒಂದು ಸುತ್ತಿನಲ್ಲಿ ಮಾಡುವ ಕೆಲಸವನ್ನು 1 ಆಂಪಿಯರ್ ನಾಲ್ಕು ಸುತ್ತಿನಲ್ಲಿ ಮಾಡುತ್ತದೆ. ಆ ವಯರು ಕಡಿದರೆ ಮೀಟರು ಸತ್ತೀತು, ಎಂಜಿನ್ ಓಡುತ್ತಲೇ ಇರುತ್ತದೆ. ರೆಸಿಸ್ಟರ್ ಚೆನ್ನಾಗಿ ಬಿಸಿಯಾಗುವ ಕಾರಣ ಅದನ್ನು ಬಾಡಿಯ ಲೋಹಕ್ಕೆ ಕೂರಿಸಿ, ವಯರಿಂಗಿನಿಂದ ದೂರವಿಡಿ.

ಒಂದೇ ಕಾಯಿಲ್‌ನ ಪಲ್ಸ್ ಇಟ್ಟುಕೊಂಡು, ಒಳಗಿನ ಟೈಮಿಂಗ್ ಕೆಪಾಸಿಟರನ್ನು ದುಪ್ಪಟ್ಟು ಮಾಡಿ ಓದನ್ನು ಸರಿಮಾಡುವವರೂ ಇದ್ದಾರೆ. ಲೆಕ್ಕಕ್ಕೆ ಅದು ಸರಿ. ಆದರೆ 850ರ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಬರುವುದು 14 ಪಲ್ಸ್ ಮಾತ್ರ. ಮುಳ್ಳು ಒಂದೊಂದು ಏಟಿಗೂ ಹಾರುವುದು ಕಣ್ಣಿಗೆ ಕಾಣುತ್ತದೆ. ನಾನು ಇದನ್ನು ಒಪ್ಪುವುದಿಲ್ಲ.

ದಾರಿ ಎರಡು: ಮುಖ ಹಳೆಯದು, ಲೆಕ್ಕ ಹೊಸದು

ನಿಮ್ಮ ಗಾಡಿಗೆ ನಾನು ಹೇಳುವುದು ಇದನ್ನು. ಡಯಲ್, ಮುಳ್ಳು, ಅದನ್ನು ತಿರುಗಿಸುವ ಮೂವಿಂಗ್ ಕಾಯಿಲ್ ಮೂರನ್ನೂ ಹಾಗೇ ಬಿಟ್ಟು, ಹಳೆ ಸರ್ಕ್ಯೂಟ್ ಬೋರ್ಡನ್ನು ಮಾತ್ರ ಹೊರತೆಗೆದು ಅಲ್ಲಿ ಎಲ್‌ಎಂ2917 ಐಸಿಯ ಚಿಕ್ಕ ಬೋರ್ಡ್ ಕೂರಿಸುವುದು. ಆವರ್ತನವನ್ನು ವೋಲ್ಟೇಜಾಗಿ ಬದಲಿಸುವ ಈ ಐಸಿಯ ಮುಖ್ಯ ಬಳಕೆಯೇ ಟ್ಯಾಕೋಮೀಟರ್. ಒಳಗೇ ವೋಲ್ಟೇಜನ್ನು 7.56ರಲ್ಲಿ ಹಿಡಿದಿಡುವ ಜೀನರ್ ಡಯೋಡ್ ಇದೆ. ಬ್ಯಾಟರಿ 12ಕ್ಕೆ ಇಳಿಯಲಿ, 14.4ಕ್ಕೆ ಏರಲಿ, ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಕುಸಿಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಅಥವಾ ಆನ್‌ಲೈನಿನಲ್ಲಿ ತರಿಸಿ. ಎಂಟು ಕಾಲಿನದ್ದು ಸಾಕು, ಜತೆಗೆ ಸಾಕೆಟ್ ತೆಗೆದುಕೊಳ್ಳಿ.

ಮೀಟರು ಬಿಚ್ಚುವಾಗಲೇ ಹೆಚ್ಚು ಹಾನಿಯಾಗುವುದು, ಆದ್ದರಿಂದ ಇಲ್ಲಿ ಅವಸರ ಬೇಡ. ಗಾಜಿನ ಸುತ್ತಲಿನ ಕ್ರೋಮ್ ಬಳೆಯ (ಬೆಜೆಲ್ಲಿನ) ಒಳಬದಿಯ ಚಿಕ್ಕ ನಾಲಿಗೆಗಳು ಡಬ್ಬಿಯ ಅಂಚಿನ ಕಚ್ಚುಗಳಿಗೆ ಎದುರಾಗುವ ತನಕ ಬೆಜೆಲ್ಲನ್ನು ತಿರುಗಿಸಬೇಕು, ಆಗ ಅದು ನೇರ ಮೇಲೆ ಬರುತ್ತದೆ. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಹೇರ್ ಡ್ರೈಯರಿನಿಂದ ಬಿಸಿಮಾಡಿ, ರಬ್ಬರ್ ಕೈಗವಸು ಹಾಕಿ ತಿರುಗಿಸಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಎಣ್ಣೆ ಗಾಜಿನ ಸಂದಿಯಿಂದ ಡಯಲ್ಲಿಗೆ ಹರಿದರೆ ಮಬ್ಬು ಕಪ್ಪು ಬಣ್ಣದ ಮೇಲೆ ಕಲೆ ಉಳಿದುಬಿಡುತ್ತದೆ. ಮಳೆಗಾಲ ಕಂಡ ಡಯಲ್ಲಿನ ಮೇಲೆ ಬೂಸರು ಇದ್ದರೆ ಒಣ, ಮೆತ್ತನೆಯ ಕುಂಚದಿಂದ ಮಾತ್ರ ಕೊಡವಿ. ಬಟ್ಟೆಯಿಂದ ಒರೆಸಿದರೆ ಅಂಕಿಗಳೇ ಎದ್ದು ಬರುತ್ತವೆ. ಬೆನ್ನಿನ ಎರಡು ಸ್ಕ್ರೂ ತೆಗೆದರೆ ಒಳಗಿನ ಯಂತ್ರ ಡಯಲ್ ಸಮೇತ ಹೊರಬರುತ್ತದೆ. ಮುಳ್ಳನ್ನು ಕೀಳುವ ಅಗತ್ಯವೇ ಇಲ್ಲ, ಕೀಳಬೇಡಿ.

ಮುಂದೆ ಮೂವಿಂಗ್ ಕಾಯಿಲ್‌ಗೆ ಎಷ್ಟು ಕರೆಂಟು ಬೇಕೆಂದು ಅಳೆಯಬೇಕು. ಅದರ ಎರಡು ತುದಿಗಳನ್ನು ಹಳೆ ಬೋರ್ಡಿನಿಂದ ಬಿಡಿಸಿ. 1.5 ವೋಲ್ಟಿನ ಸೆಲ್, 10 ಕಿಲೋ ಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಮಿಲಿ ಆಂಪಿಯರ್ ರೇಂಜಿನಲ್ಲಿಟ್ಟ ಮಲ್ಟಿಮೀಟರ್, ಇಷ್ಟನ್ನೂ ಸಾಲಾಗಿ ಜೋಡಿಸಿ, ಪಾಟನ್ನು ಗರಿಷ್ಠದಿಂದ ನಿಧಾನವಾಗಿ ಇಳಿಸುತ್ತಾ ಬನ್ನಿ. ಮುಳ್ಳು 7000ಕ್ಕೆ ಬಂದಾಗಿನ ಕರೆಂಟನ್ನು ಬರೆದುಕೊಳ್ಳಿ. 3500ಕ್ಕೆ ಅದರ ಅರ್ಧ ಬೇಕಾದೀತೇ ಎಂದೂ ನೋಡಿ. ಸರಿಯಾಗಿ ಅರ್ಧವೇ ಬೇಕಾಗಿ ಬಂದರೆ ಸ್ಕೇಲ್ ನೇರವಾಗಿದೆ. ಸೆಲ್ಲನ್ನು ಪಾಟ್ ಇಲ್ಲದೆ ನೇರ ಮುಟ್ಟಿಸಿದರೆ ಮುಳ್ಳು ತುದಿಗೆ ಬಡಿದು ಬಾಗುತ್ತದೆ.

ಬೋರ್ಡಿನ ಲೆಕ್ಕ ಹೀಗೆ. ನಮಗೆ 7000 ಆರ್‌ಪಿಎಂಗೆ, ಅಂದರೆ 233 ಹರ್ಟ್ಜಿಗೆ, 5 ವೋಲ್ಟ್ ಬರಬೇಕು. 7.56 ವೋಲ್ಟಿನ ಸಪ್ಲೈಯಲ್ಲಿ ಐಸಿ ಸುಮಾರು 6ರ ತನಕ ಮಾತ್ರ ಏರಬಲ್ಲದು, ಅದಕ್ಕೇ 5. ಈ ಐಸಿಯ ಔಟ್‌ಪುಟ್ ಎಂದರೆ ಆವರ್ತನ, ಸಪ್ಲೈ ವೋಲ್ಟೇಜ್, ರೆಸಿಸ್ಟರ್, ಟೈಮಿಂಗ್ ಕೆಪಾಸಿಟರ್ ನಾಲ್ಕರ ಗುಣಲಬ್ಧ. 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಸುಮಾರು 129 ಕಿಲೋ ಓಮ್ ಬೇಕಾಗುತ್ತದೆ. 100 ಕಿಲೋ ಓಮ್ ರೆಸಿಸ್ಟರಿಗೆ 50 ಕಿಲೋ ಓಮಿನ ಮಲ್ಟಿಟರ್ನ್ ಪಾಟ್ ಸೇರಿಸಿದರೆ ಎರಡೂ ಬದಿಗೆ ಹೊಂದಿಸಲು ಜಾಗವಿರುತ್ತದೆ. ಟೈಮಿಂಗ್ ಕೆಪಾಸಿಟರ್ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಿರಲಿ. ಅಗ್ಗದ ಸೆರಾಮಿಕ್ ಕೆಪಾಸಿಟರಿನ ಮೌಲ್ಯ (ಮೈಕ್ರೋಫ್ಯಾರಡ್) ಬಿಸಿಲಿಗೆ ಬದಲಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಟಾಪ್ ಇಳಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡು ಎಷ್ಟು ಸುಡುತ್ತದೆಂದು ನಿಮಗೇ ಗೊತ್ತು. ಏರಿಳಿತ ನಯಗೊಳಿಸಲು 1 ಮೈಕ್ರೋಫ್ಯಾರಡ್, ಐಡ್ಲಿಂಗ್‌ನಲ್ಲಿ ಮುಳ್ಳು ನಡುಗಿದರೆ 2.2. ಅದಕ್ಕಿಂತ ಹೆಚ್ಚಿಸಿದರೆ ಆಕ್ಸಲರೇಟರ್ ಒತ್ತಿದ ಮೇಲೆ ಮುಳ್ಳು ತಡವಾಗಿ ಏಳುತ್ತದೆ. ಸ್ಪೋರ್ಟ್ಸ್ ಕಾರಿಗೆ ಆ ಆಲಸ್ಯ ಒಪ್ಪುವುದಿಲ್ಲ.

ಬ್ಯಾಟರಿಯಿಂದ ಬರುವ ಲೈನಿಗೆ 1ಎನ್4007 ಡಯೋಡ್, ಅದರ ನಂತರ 470 ಓಮ್. ಮೂವಿಂಗ್ ಕಾಯಿಲ್‌ಗೆ 5 ಮಿಲಿ ಆಂಪಿಯರಿಗಿಂತ ಹೆಚ್ಚು ಬೇಕೆಂದು ಅಳತೆಯಲ್ಲಿ ಬಂದರೆ ಐಸಿಯ ಕಲೆಕ್ಟರ್ ಕಾಲನ್ನು 470 ಓಮಿನ ಮೊದಲೇ, ಡಯೋಡಿನಿಂದ ನೇರ ಕೊಡಿ. ಇಲ್ಲದಿದ್ದರೆ ಜೀನರಿಗೆ ಕರೆಂಟು ಸಾಲದೆ ಇಡೀ ಲೆಕ್ಕ ಸೊರಗುತ್ತದೆ. ಎಮಿಟರಿನಿಂದ ಮೂವಿಂಗ್ ಕಾಯಿಲ್‌ಗೆ ಹೋಗುವ ರೆಸಿಸ್ಟರನ್ನು ನಿಮ್ಮ ಅಳತೆಯಿಂದ ಲೆಕ್ಕ ಹಾಕಿ. ಉದಾಹರಣೆಗೆ 7000ಕ್ಕೆ 5 ಮಿಲಿ ಆಂಪಿಯರ್ ಬೇಕಿದ್ದರೆ ಒಟ್ಟು 1000 ಓಮ್. ಕಾಯಿಲ್ಲೇ 70 ಓಮ್ ಇದ್ದರೆ ಉಳಿದ 930. ಆಸುಪಾಸಿನ ರೆಸಿಸ್ಟರ್ ಹಾಕಿ, ಮಿಕ್ಕದ್ದನ್ನು ಪಾಟ್ ಸರಿಮಾಡುತ್ತದೆ.

ಪಲ್ಸ್ ಎಲ್ಲಿಂದ ತೆಗೆಯುವುದು?

ಇಸಿಯುನ ಟ್ಯಾಕೋ ವಯರು ಸಿಕ್ಕರೆ ಅದು ಎಲ್ಲಕ್ಕಿಂತ ಶುದ್ಧ, ಈ ಬೋರ್ಡಿಗೆ ಅದನ್ನು ಧೈರ್ಯವಾಗಿ ಕೊಡಬಹುದು. ಹರ್ಟ್ಜ್ ಅಳೆಯುವ ಮಲ್ಟಿಮೀಟರ್ ಹಿಡಿದು, ಎಂಜಿನನ್ನು 1500ರಲ್ಲಿ ನಿಲ್ಲಿಸಿ ನೋಡಿ. 50 ಬಂದರೆ ಸುತ್ತಿಗೆ ಎರಡು, 25 ಬಂದರೆ ಒಂದು. ಒಂದೇ ಬರುವುದಾದರೆ ಟೈಮಿಂಗ್ ಕೆಪಾಸಿಟರನ್ನು 0.047 ಮಾಡಿ ಪಾಟಿನಲ್ಲಿ ಹೊಂದಿಸಿ, ನಯಗೊಳಿಸುವ ಕೆಪಾಸಿಟರನ್ನು 2.2ಕ್ಕೆ ಏರಿಸಿ. ವಯರಿನಲ್ಲಿ ಮಲ್ಟಿಮೀಟರ್ ಏನೂ ತೋರಿಸದಿದ್ದರೆ ಅದು ಅರ್ತ್‌ಗೆ ಎಳೆಯುವ ಜಾತಿಯ ಔಟ್‌ಪುಟ್ ಇರಬಹುದು. 12 ವೋಲ್ಟಿಗೆ 4.7 ಕಿಲೋ ಓಮ್ ಕಟ್ಟಿ ಮತ್ತೆ ನೋಡಿ.

ಟ್ಯಾಕೋ ವಯರು ಇಲ್ಲದಿದ್ದರೆ ಕಾಯಿಲ್‌ಗಳ ಸಾಕೆಟ್ ನೋಡಿ. ಮೂರು ಅಥವಾ ನಾಲ್ಕು ಪಿನ್ ಇದ್ದರೆ ಸಾಮಾನ್ಯವಾಗಿ ಕರೆಂಟು ಕಡಿಯುವ ಇಗ್ನೈಟರ್ ಆ ಕಾಯಿಲ್‌ನ ಒಳಗೇ ಇರುತ್ತದೆ, ಇಸಿಯುನಿಂದ 5 ವೋಲ್ಟಿನ ಸಂಜ್ಞೆ ಬರುತ್ತದೆ. ಎರಡೂ ಕಾಯಿಲ್‌ನ ಸಂಜ್ಞಾ ವಯರಿನಿಂದ ಒಂದೊಂದು 1ಎನ್4148 ಡಯೋಡ್ ತೆಗೆದು ಒಟ್ಟು ಸೇರಿಸಿ, ಸೇರಿದ ಜಾಗದಿಂದ ಅರ್ತ್‌ಗೆ 10 ಕಿಲೋ ಓಮ್ ಹಾಕಿದರೆ ಸುತ್ತಿಗೆ ಎರಡು ಪಲ್ಸ್ ಸಿದ್ಧ. ಡಯೋಡಿನ ಗೆರೆ ಇರುವ ತುದಿ ಬೋರ್ಡಿನ ಕಡೆಗಿರಲಿ.

ಎರಡೇ ಪಿನ್ ಇದ್ದರೆ ಕಾಯಿಲ್‌ನ ನೆಗೆಟಿವ್ ಕೈಗೆ ಸಿಗುತ್ತದೆ. ಎಡವುವುದು ಇಲ್ಲಿ. ಎರಡು ನೆಗೆಟಿವ್‌ಗಳನ್ನು ಡಯೋಡಿನಿಂದ ಸೇರಿಸಿಬಿಟ್ಟರೆ ಸಾಕೆಂದುಕೊಳ್ಳುತ್ತಾರೆ. ಆದರೆ ಕೆಲಸವಿಲ್ಲದ ಕಾಯಿಲ್‌ನ ನೆಗೆಟಿವ್ ಸುಮ್ಮನೆ 12 ವೋಲ್ಟಿನಲ್ಲಿ ಕುಳಿತಿರುತ್ತದೆ. ಎರಡರಲ್ಲಿ ಒಂದು ಯಾವಾಗಲೂ ಹಾಗೆ ಮೇಲಿರುವುದರಿಂದ ಸೇರಿಸಿದ ಜಾಗ ಎಂದೂ ಕೆಳಗಿಳಿಯುವುದೇ ಇಲ್ಲ. ನಮಗೆ ಬೇಕಾದದ್ದು ಆ 12 ಅಲ್ಲ, ಅದರ ಮೇಲೆ ಏಳುವ ಕೆಲವು ನೂರು ವೋಲ್ಟಿನ ಒದೆತ. ಆದ್ದರಿಂದ ಪ್ರತಿ ನೆಗೆಟಿವ್‌ನಿಂದ 1ಎನ್4007 ಡಯೋಡ್, ಎರಡೂ ಸೇರಿದ ಮೇಲೆ 47 ಕಿಲೋ ಓಮಿನ ಎರಡು ರೆಸಿಸ್ಟರ್ ಸಾಲಾಗಿ, ನಂತರ ತಿರುಗುಮುರುಗಾಗಿ 47 ವೋಲ್ಟಿನ ಜೀನರ್. 12 ವೋಲ್ಟ್ ಆ ಜೀನರಿನ ಬಾಗಿಲಲ್ಲೇ ನಿಲ್ಲುತ್ತದೆ, ಒದೆತ ಮಾತ್ರ ದಾಟುತ್ತದೆ. ಆಚೆ ಬದಿಯಲ್ಲಿ ಅರ್ತ್‌ಗೆ 5.1 ವೋಲ್ಟ್ ಜೀನರ್, 10 ಕಿಲೋ ಓಮ್, 0.01 ಮೈಕ್ರೋಫ್ಯಾರಡ್ ಮೂರನ್ನೂ ಸಮಾನಾಂತರವಾಗಿ ಕಟ್ಟಿ. ಆ ಕೆಪಾಸಿಟರ್ ಇಲ್ಲದಿದ್ದರೆ ಒದೆತದ ಹಿಂದೆ ಬರುವ ಕಂಪನಗಳೂ ಎಣಿಕೆಯಾಗಿ ಮೀಟರು ದುಪ್ಪಟ್ಟು ತೋರಿಸೀತು. ಒಂದರ ಬದಲು ಎರಡು ರೆಸಿಸ್ಟರ್ ಏಕೆಂದರೆ, ಕಾಲು ವ್ಯಾಟಿನ ಸಾಮಾನ್ಯ ರೆಸಿಸ್ಟರ್ ತಡೆಯುವುದು ಸುಮಾರು 250 ವೋಲ್ಟ್. ಈ ರೆಸಿಸ್ಟರುಗಳನ್ನು ಕಾಯಿಲ್‌ನ ಹತ್ತಿರವೇ ಇಡಿ, ಹೈವೋಲ್ಟೇಜ್ ಹೊತ್ತ ವಯರು ಡ್ಯಾಶ್‌ಬೋರ್ಡಿನ ತನಕ ಬರಬಾರದು.

ಮೇಲಿನ ಯಾವ ಮೂಲವಾದರೂ ಸರಿ, ಎಂಟು ಕಾಲಿನ ಐಸಿಗೆ ಸಂಜ್ಞೆ ಕೊಡುವಾಗ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಕೊಡಿ, ಇನ್‌ಪುಟ್ ಕಾಲಿನಿಂದ ಅರ್ತ್‌ಗೆ 10 ಕಿಲೋ ಓಮ್ ಇರಲಿ. ಸಂಜ್ಞೆ ಸೊನ್ನೆಯ ಮೇಲೂ ಕೆಳಗೂ ಹಾಯ್ದರೆ ಮಾತ್ರ ಈ ಐಸಿ ಎಣಿಸುತ್ತದೆ. ಇದನ್ನು ಬಿಟ್ಟು ನೇರ ಕೊಟ್ಟು, ಐಸಿಯೇ ನಕಲಿ ಎಂದು ಎಸೆದವರಿದ್ದಾರೆ.

ಹೊಂದಿಸುವುದು

ಗಾಡಿಗೆ ಕೂರಿಸುವ ಮೊದಲೇ ಮೇಜಿನ ಮೇಲೆ ಹೊಂದಿಸಬಹುದು. ಮೆಸ್ಕಾಂ ಕರೆಂಟು 50 ಹರ್ಟ್ಜಿನದ್ದು, ಮುಳ್ಳಿನಲ್ಲಿ ಓದಲಾಗದಷ್ಟು ಚಿಕ್ಕ ವ್ಯತ್ಯಾಸ ಮಾತ್ರ ಅದರಲ್ಲಿರುತ್ತದೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್‌ಗೆ ಒಂದು ಡಯೋಡ್ ಹಾಕಿ ಬೋರ್ಡಿಗೆ ಕೊಟ್ಟರೆ ಮುಳ್ಳು 1500ಕ್ಕೆ ನಿಲ್ಲಬೇಕು. ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿದರೆ 100 ಹರ್ಟ್ಜ್, ಅಂದರೆ 3000. ಎರಡರಲ್ಲೂ ಡಯೋಡುಗಳ ಆಚೆ ಅರ್ತ್‌ಗೆ 1 ಕಿಲೋ ಓಮ್ ಇರಲಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಮನೆಯ 230 ವೋಲ್ಟಿನ ಹತ್ತಿರ ಇದನ್ನು ತರಲೇಬೇಡಿ. ಇನ್ನೂ ಸುಲಭದ ದಾರಿ ಮೊಬೈಲಿನ ಟೋನ್ ಜನರೇಟರ್ ಆ್ಯಪ್: ಹೆಡ್‌ಫೋನ್ ತೂತಿನಿಂದ ಬರುವ ಚಿಕ್ಕ ಸಂಜ್ಞೆಯೇ ಈ ಐಸಿಗೆ ಸಾಕು. 33.3 ಹರ್ಟ್ಜ್ ಕೊಟ್ಟರೆ 1000, 100ಕ್ಕೆ 3000, 166.7ಕ್ಕೆ 5000. ಮೊದಲು 3000ದಲ್ಲಿ ಪಾಟ್ ಹೊಂದಿಸಿ, ಆಮೇಲೆ ಉಳಿದೆರಡನ್ನು ನೋಡಿ. ತುದಿಗಳಲ್ಲಿ 100 ಆರ್‌ಪಿಎಂ ಹೆಚ್ಚುಕಮ್ಮಿ ಬಂದರೆ ಬೇಸರಪಡಬೇಡಿ, ಈ ಮೂವಿಂಗ್ ಕಾಯಿಲ್‌ನ ನಿಖರತೆಯೇ ಅಷ್ಟು. ಗಾಡಿಯಲ್ಲಿ ಕೊನೆಯ ಪರೀಕ್ಷೆಗೆ ಕ್ರ್ಯಾಂಕ್ ಪುಲ್ಲಿಗೆ ಪ್ರತಿಫಲಿಸುವ ಸ್ಟಿಕ್ಕರ್ ಅಂಟಿಸಿ ಲೇಸರ್ ಟ್ಯಾಕೋ ಹಿಡಿಯಿರಿ. ಕೊರಳಲ್ಲಿ ತೂಗುವ ಐಡಿ ಕಾರ್ಡ್, ಶಾಲು, ಸಡಿಲ ತೋಳು ಯಾವುದೂ ಆಗ ಫ್ಯಾನ್ ಬೆಲ್ಟಿನ ಹತ್ತಿರ ಬರಬಾರದು.

ಡಯಲ್ಲಿನ ಕೆಂಪು ಪಟ್ಟಿ ಹಳೆ ಎಂಜಿನ್‌ಗೆ ಬರೆದದ್ದು. ಜಿಪ್ಸಿ ಎಂಜಿನ್‌ನ ಮಿತಿ ಬೇರೆ. ಅದಕ್ಕಾಗಿ ಡಯಲ್ಲಿಗೆ ಬಣ್ಣ ಬಳಿಯಬೇಡಿ, ಗಾಜಿನ ಹೊರಗೆ ಒಂದು ತೆಳ್ಳಗಿನ ಗುರುತು ಅಂಟಿಸಿದರೆ ಸಾಕು.

ಇದೇ ಗೊಂದಲದಲ್ಲಿರುವ ಬೇರೆಯವರಿಗೂ ಎರಡು ಮಾತು. ಕೇಬಲ್ಲಿನಿಂದ ತಿರುಗುವ ಮೀಟರಿನಲ್ಲಿ, ಎಂಜಿಎಯಲ್ಲಿರುವಂಥದ್ದು, ಪಲ್ಸ್‌ನ ಮಾತೇ ಇಲ್ಲ. ತಿರುಗುವ ಅಯಸ್ಕಾಂತವೊಂದು ಅಲ್ಯೂಮಿನಿಯಂ ಬಟ್ಟಲನ್ನು ಸ್ಪ್ರಿಂಗಿನ ವಿರುದ್ಧ ಎಳೆಯುತ್ತದೆ. ಹೊಸ ಎಂಜಿನ್‌ನಲ್ಲಿ ಕೇಬಲ್ ಕೂರಿಸುವ ಜಾಗ ಇಲ್ಲದಿದ್ದರೆ ಪಲ್ಸ್ ತೆಗೆದುಕೊಂಡು ಕೇಬಲ್ಲನ್ನು ತಿರುಗಿಸುವ ಚಿಕ್ಕ ಮೋಟಾರು ಪೆಟ್ಟಿಗೆ ಬೇಕು. ಆ ಮೀಟರನ್ನು ಕೊರೆದು ಎಲೆಕ್ಟ್ರಾನಿಕ್ ಮಾಡಬೇಡಿ. ಡೀಸೆಲ್ ಎಂಜಿನ್ ಕೂರಿಸಿದವರಿಗೆ ಕಿಡಿಯೇ ಇರುವುದಿಲ್ಲ, ಆಲ್ಟರ್ನೇಟರಿನ ‘ಡಬ್ಲ್ಯೂ’ ಟರ್ಮಿನಲ್ಲಿನಿಂದ ಸಂಜ್ಞೆ ತೆಗೆಯಬೇಕು. ಅದು ಪುಲ್ಲಿಗಳ ಅನುಪಾತದ ಮೇಲೆ ನಿಂತಿರುವುದರಿಂದ ಪುಲ್ಲಿ ಬದಲಾದಾಗ, ಬೆಲ್ಟ್ ಜಾರಿದಾಗ ಓದೂ ತಪ್ಪುತ್ತದೆ.

ಕಾಗದಪತ್ರದ ವಿಷಯವನ್ನು ನೀವು ಕೇಳಲಿಲ್ಲ, ಆದರೂ ಹೇಳಬೇಕು. ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಹಳೆಯದೇ ಆಗಿದ್ದರೆ ವಿಮೆಯ ಕ್ಲೇಮಿಗೂ ತೊಡಕಾಗಬಹುದು, ಉಡುಪಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಮೂಲ ರೂಪದಲ್ಲಿರುವ ಗಾಡಿಗಳಿಗೆ ಮಾತ್ರ. ಎಂಜಿನ್ ಬದಲಾದರೆ ಆ ಅರ್ಹತೆಗೆ ಧಕ್ಕೆ. ಹಾಗಾಗಿ ಬಿರುಕು ಬಿಟ್ಟ ಆ ಹಳೆ ಬ್ಲಾಕನ್ನು ಗುಜರಿಗೆ ಹಾಕಬೇಡಿ, ಎರಕಹೊಯ್ದ ಕಬ್ಬಿಣದ ಬಿರುಕನ್ನು ಹೊಲಿದು ಸರಿಮಾಡುವ ವಿಧಾನಗಳಿವೆ. ಮೀಟರಿನ ಹಳೆ ಬೋರ್ಡನ್ನೂ ಹಾಗೆಯೇ ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬಿಚ್ಚುವ ಮುನ್ನ ತೆಗೆದ ವಯರುಗಳ ಫೋಟೋವನ್ನು ಪ್ರಿಂಟ್ ಮಾಡಿ ಒಳಗೇ ಇಡಿ. ನಾಳೆ ನಿಮ್ಮ ಮಕ್ಕಳು ಮೂಲ ಎಂಜಿನ್ ಕೂರಿಸಲು ಹೊರಟರೆ ಅರ್ಧ ಗಂಟೆಯಲ್ಲಿ ಮೀಟರು ಹಿಂದಿನ ಸ್ಥಿತಿಗೆ ಬರಬೇಕು.

ಹೊಸ ಬೋರ್ಡನ್ನು ಹೊಂದಿಸಿ ಮುಗಿದ ಮೇಲೆ ಅಕ್ರಿಲಿಕ್ ಕೋಟಿಂಗ್ ಸ್ಪ್ರೇ ಹೊಡೆಯಿರಿ, ಪಾಟಿನ ಸ್ಕ್ರೂವಿಗೆ ಮೊದಲು ಟೇಪ್ ಸುತ್ತಿ. ಗಾಜಿನ ಕೆಳಗಿನ ಒಣಗಿದ ರಬ್ಬರ್ ರಿಂಗ್ ಬದಲಿಸಿ. ಮೀಟರಿನ ಅರ್ತ್‌ಗೆ ಹಿಂದಿನ ಬ್ರಾಕೆಟ್ಟನ್ನು ನಂಬಬೇಡಿ, ತುಕ್ಕು ಹಿಡಿದಾಗ ಅದು ಬಿಟ್ಟು ಬಿಟ್ಟು ಹಿಡಿಯುತ್ತದೆ. ಡಬ್ಬಿಯಿಂದ ಬಾಡಿಗೆ ಪ್ರತ್ಯೇಕ ವಯರು ಎಳೆಯಿರಿ. ಮೊದಲ ಮಳೆಗಾಲ ಕಳೆದು ನವರಾತ್ರಿಯ ಹೊತ್ತಿಗೆ ಒಮ್ಮೆ ಮೊಬೈಲ್ ಟೋನ್ ಕೊಟ್ಟು 3000 ಸರಿಯಿದೆಯೇ ನೋಡಿ. ಅಷ್ಟರೊಳಗೆ ಮುಳ್ಳು ಮತ್ತೆ ಅರ್ಧಕ್ಕೆ ಇಳಿದರೆ ಪಾಟ್ ಮುಟ್ಟಬೇಡಿ. ಕಾಯಿಲ್‌ಗಳಿಂದ ಬರುವ ಎರಡು ಡಯೋಡುಗಳಲ್ಲಿ ಒಂದರ ಸೋಲ್ಡರ್ ಬಿಟ್ಟಿದೆಯೇ ಎಂದು ಮೊದಲು ಹುಡುಕಿ.